ದೊಡ್ಡಮ್ಮನ ಪಥ್ಯ

ಸುಗ್ಗಿ ಮುಗಿಯಿತೆಂದರೆ ಜಗಳೂರಿನ ನಮ್ಮ ದೊಡ್ಡಮ್ಮ ಸಲಾಕೆ ಹಿಡಿದು ಹೊಲದ ಬದುವಿಗೆ ಹೊರಡುತ್ತಿದ್ದಳು. ಹಿರೇಮದ್ದಿನ ಎಲೆ ಹಳದಿಗೆ ತಿರುಗಿ, ಕೆಂಪು ಹಣ್ಣು ಒಣಗುವ ಹೊತ್ತು ಅದು. ಅಂಗಡಿಯಲ್ಲಿ ಅಶ್ವಗಂಧ ಅಂತ ಮಾರುವುದು ಇದನ್ನೇ. ನಮ್ಮ ಸೀಮೆಯ ಒಣನೆಲ ಈ ಗಿಡಕ್ಕೆ ಹಿತ. ಅಗೆದ ಬೇರನ್ನು ತೊಳೆದು, ಹಾಲಿನಲ್ಲಿ ಬೇಯಿಸಿ, ಒಣಗಿಸಿ, ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸುವಳು. ರಂಗಯ್ಯನದುರ್ಗದ ಕಡೆಯ ಕುರುಚಲು ಕಾಡಿನಿಂದ ಹಲವು ಮಕ್ಕಳ ತಾಯಿ ಬೇರನ್ನು ಯಾರಾದರೂ ತಂದುಕೊಡುತ್ತಿದ್ದರು. ಬೆಲ್ಲದ ಪಾಕಕ್ಕೆ ಎರಡೂ ಪುಡಿ, ಒಣಶುಂಠಿ, ಹಿಪ್ಪಲಿ, ಏಲಕ್ಕಿ, ಎಮ್ಮೆ ತುಪ್ಪ. ಜೇನು ಮಾತ್ರ ಪೂರ್ತಿ ಆರಿದ ಮೇಲೆ. ಅಳತೆಯೆಲ್ಲ ಹಿಡಿಯಲ್ಲೇ, ಅದನ್ನು ಯಾರೂ ಬರೆದಿಡಲಿಲ್ಲ.

ಲೇಹ್ಯ ಕೇಳಿ ಬರುವ ಹೆಂಗಸರು ಬಂದ ಕೂಡಲೇ ಬಾಯಿ ಬಿಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು, ಮಳೆ ಬೆಳೆ ಮಾತಾಡಿ, ಎದ್ದು ಹೊರಡುವಾಗ ಮೆಲ್ಲಗೆ, “ಕೈಕಾಲು ಸೋತು ಬರ್ತಾವೆ ದೊಡ್ಡಮ್ಮ” ಅನ್ನುವರು. “ನಿದ್ದೆ ಹತ್ತಲ್ಲ.” “ಸುಮ್‌ಸುಮ್ನೆ ಅಳು ಬರ್ತೈತಿ.” ಗಂಡನಿಗೂ ಡಾಕ್ಟರಿಗೂ ಹೇಳದ ಮಾತುಗಳು. ದೊಡ್ಡಮ್ಮ ಅವರನ್ನು ಬೆಳಕಿಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವಳು. ಬಿಳಿಚಿದ್ದರೆ, “ನಿಂಗೆ ರಕ್ತಾನೇ ಇಲ್ಲ ಕಣವ್ವ, ಮೊದ್ಲು ದವಾಖಾನೆಗೆ ಹೋಗು” ಎಂದು ಕಳಿಸುವಳು. ಬಸುರಿಯರಿಗೆ ಲೇಹ್ಯ ಕೊಟ್ಟವಳೇ ಅಲ್ಲ. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಎಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಓದಿದಾಗ ನನಗೆ ಆ ಹೆಬ್ಬೆರಳು ನೆನಪಾಗಿತ್ತು.

ಲೇಹ್ಯದ ಜೊತೆಗೊಂದು ಪಥ್ಯವಿತ್ತು. ಹೊತ್ತು ಮೂಡುವ ಮುಂಚೆ, ಕೂತು, ಬಿಸಿ ಹಾಲಿನ ಜೊತೆ ತಿನ್ನಬೇಕು. ತಿನ್ನುವಷ್ಟು ದಿನ ನೀರಿನ ಕೊಡ ಹೊರಬಾರದು. “ಹೊತ್ರೆ ಮದ್ದು ನಾಟಲ್ಲ” ಎಂದು ಅತ್ತೆಗೂ ಗಂಡನಿಗೂ ತಾನೇ ಹೋಗಿ ಹೇಳಿಬರುವಳು. ಕೆರೆ ಬತ್ತಿ, ಕೊಳವೆಬಾವಿಯ ನೀರಲ್ಲಿ ಫ್ಲೋರೈಡ್ ತುಂಬಿದ ತಾಲ್ಲೂಕಿನಲ್ಲಿ ಕುಡಿಯುವ ನೀರಿಗೆ ಎಷ್ಟು ದೂರ ನಡೆಯಬೇಕೆಂದು ಬಲ್ಲವರೇ ಬಲ್ಲರು. ಅವಳ ಮಾತು ಮೀರುವ ಧೈರ್ಯ ಯಾವ ಅತ್ತೆಗೂ ಇರಲಿಲ್ಲ. ಅಷ್ಟು ದಿನ ಗಂಡಸರೇ ಸೈಕಲ್ಲಿಗೆ ಕೊಡ ಕಟ್ಟಿ ನೀರು ತರುತ್ತಿದ್ದರು. ಆಮೇಲೆ ನಾನು ತಿರುವಿಹಾಕಿದ ಯಾವ ವೈದ್ಯದ ಪುಸ್ತಕದಲ್ಲೂ ಈ ಪಥ್ಯ ಸಿಗಲಿಲ್ಲ. ಅವಳೇ ಕಟ್ಟಿದ್ದು. ಲೇಹ್ಯಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಅದಕ್ಕೇ.

ಜಗಳೂರು ಚಿತ್ರದುರ್ಗ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿದ್ದು 1997ರಲ್ಲಿ. ಅದಾಗಿ ಕೆಲವೇ ವರ್ಷಕ್ಕೆ ದೊಡ್ಡಮ್ಮ ತೀರಿಕೊಂಡಳು. ಹೊಲಕ್ಕೆ ಮೆಕ್ಕೆಜೋಳ ಬಂತು, ಹಿಂದೆಯೇ ಕಳೆನಾಶಕ. ನಮ್ಮ ಬದುಗಳಲ್ಲಿ ಹಿರೇಮದ್ದು ಉಳಿಯಲಿಲ್ಲ. ಈಗ ಪುಡಿ ಡಬ್ಬಿಯಲ್ಲಿ ಬರುತ್ತದೆ. ಒತ್ತಡಕ್ಕೆ, ನಿದ್ದೆಗೆ ಅದರಿಂದ ಒಂದಿಷ್ಟು ಗುಣ ಕಾಣುತ್ತದೆಂದು ಈಚಿನ ಅಧ್ಯಯನಗಳೂ ಹೇಳುತ್ತಿವೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ತಮ್ಮನ ಹೆಂಡತಿ ಆ ಪುಡಿಯನ್ನು ಹಾಲಿಗೆ ಕದಡಿ ನಿಂತಲ್ಲೇ ಕುಡಿದಳು. ಬೀದಿಗೆ ಟ್ಯಾಂಕರ್ ಬಂದ ಸದ್ದಿಗೆ ಕೊಡ ಎತ್ತಿಕೊಂಡಳು. “ಕೊಡ ಹೊತ್ರೆ ಮದ್ದು ನಾಟಲ್ಲ ಕಣವ್ವ, ಕೂತ್ಕೋ” ಎಂದೆ.

“ಡಬ್ಬಿ ಮ್ಯಾಲೆ ಹಂಗೇನೂ ಬರ್ದಿಲ್ಲಲ್ಲಕ್ಕ” ಎನ್ನುತ್ತಲೇ ಹೊಸ್ತಿಲು ದಾಟಿದಳು.