ಎರಡು ಸುತ್ತು ಕೈಯಿಂದ

ಇಪ್ಪತ್ತೆಂಟು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರ ಬರೆಯುತ್ತ ಬಂದವನು ನಾನು. ಸೀಮೆಸುಣ್ಣದ ಆ ಎಂಜಿನ್ ಒಮ್ಮೆಯೂ ಕೆಟ್ಟಿಲ್ಲ, ಎಣ್ಣೆ ಸೋರಿಲ್ಲ, ಹೊಗೆ ಉಗುಳಿಲ್ಲ. ನಿಜವಾದ ಎಂಜಿನ್ನಿನ ಮುಚ್ಚಳ ಬಿಚ್ಚಿ ಕೈ ಕಪ್ಪು ಮಾಡಿಕೊಂಡದ್ದು ಮಾತ್ರ ಕಳೆದ ದಸರಾ ರಜೆಯಲ್ಲಿ, ನನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ.

ನನ್ನದು 2009ರ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಗಾಡಿ, 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್. ನಾನು ಇದರ ಎರಡನೆಯ ಯಜಮಾನ. ಸುಲೇಪೇಟದಿಂದ ಸೇಡಂ, ಚಿಂಚೋಳಿ, ಕಲಬುರಗಿ ಎಂದು ತೊಗರಿ ಹೊಲಗಳ ನಡುವೆ ವರ್ಷಗಟ್ಟಲೆ ನಮ್ಮನ್ನು ಹೊತ್ತು ತಿರುಗಿದೆ.

ರಜೆಗೆ ಮುಂಚೆ ಗಾಡಿ ನೋಡಿದ ಮೆಕ್ಯಾನಿಕ್, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ, ಹೇಳಿದ: "ಸರ್, ಟೈಮಿಂಗ್ ಬೆಲ್ಟಿಗಿ ಸೀಳು ಬಿದ್ದಾವ. ಹರಿಯೂಕಿಂತ ಮೊದಲ ಬದಲಿ ಮಾಡಬೇಕು." ನಾನೇ ಮಾಡಿ ನೋಡಲೇ ಎಂದು ಕೇಳಿದೆ. ಅವನು ನಕ್ಕ. ಆದರೂ ಹೊಸ ಬೆಲ್ಟು, ಬೇಕಾದ ಪಾನಾಗಳನ್ನು ಕೊಟ್ಟು ಒಂದು ಷರತ್ತು ಹಾಕಿದ: "ಚಾವಿ ತಿರುವೂಕಿಂತ ಮೊದಲ ಎಂಜಿನ್ ಎರಡು ಸುತ್ತು ಕೈಲೆ ತಿರುವ್ರಿ. ಅದೊಂದು ಮರೀಬ್ಯಾಡ್ರಿ."

ಈ ಬೆಲ್ಟಿನ ಕೆಲಸವೇನು? ಎಂಜಿನ್ನಿನ ಕೆಳಗೆ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ದಂಡವಿದೆ; ಮೇಲೆ ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವಿದೆ. ಇವೆರಡನ್ನೂ ಹೊಂದಿಸಿ ನಡೆಸುವುದು ಹಲ್ಲುಗಳಿರುವ ಈ ರಬ್ಬರಿನ ಪಟ್ಟಿ. ಹೀರುವುದು, ಒತ್ತುವುದು, ಉರಿದು ತಳ್ಳುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಹೊಡೆತ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿ ಕವಾಟ ಒಮ್ಮೆ ಮಾತ್ರ ತೆರೆಯಬೇಕು. ಆದ್ದರಿಂದ ಕ್ಯಾಮ್ ಒಂದೇ ಸುತ್ತು. ಕ್ರ್ಯಾಂಕ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ!

ಮೊದಲು ಈ ಕೆಲಸಕ್ಕೆ ಚೈನು ಅಥವಾ ಗೇರು ಇರುತ್ತಿದ್ದವು. ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಕಾರುಗಳಲ್ಲಿ ರಬ್ಬರಿನ ಬೆಲ್ಟು ಬಂದದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ ಕಂಪನಿಯ ಗಾಡಿಯಲ್ಲಿ. ಸದ್ದಿಲ್ಲ, ಎಣ್ಣೆ ಬೇಕಿಲ್ಲ. ಆದರೆ ರಬ್ಬರಿಗೆ ಮುಪ್ಪುಂಟು. ನಮ್ಮ ಕಡೆಯ ಬೇಸಿಗೆಯಂತೂ 40 ಡಿಗ್ರಿ ದಾಟುತ್ತದೆ. ಬೆಲ್ಟು ಹರಿದರೆ ಎಂಜಿನ್ ನಿಲ್ಲುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಮೇಲೆ ಬರುವ ಪಿಸ್ಟನ್ ತೆರೆದ ಕವಾಟಕ್ಕೆ ಬಡಿದು ಅದನ್ನು ಬಗ್ಗಿಸಿಯೂ ಬಿಡುತ್ತದೆ. ಅದಕ್ಕಾಗಿಯೇ ಆಯಾ ಗಾಡಿಯ ಕೈಪಿಡಿ ಹೇಳಿದಷ್ಟು ದೂರ ಅಥವಾ ವರ್ಷ ಕಳೆದ ಮೇಲೆ, ಹರಿಯದಿದ್ದರೂ ಬದಲಿಸುವುದು ವಾಡಿಕೆ.

ಅಂಗಳದಲ್ಲಿ ಹಾಸಿದ ಶಹಾಬಾದ ಪರಸಿಯ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿದೆ. ಬೆಳಕು ಹಿಡಿಯಲು ಹತ್ತನೆಯ ತರಗತಿಯ ಮಗಳನ್ನು ಕರೆದೆ. ಬಂದಳು, ಮಾತಿಲ್ಲ. ಕಾರಣ ನಾನೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವರ್ಗಸಮೀಕರಣದ ಲೆಕ್ಕವೊಂದರಲ್ಲಿ ಮೈನಸ್ ಚಿಹ್ನೆ ಬಿಟ್ಟು ಅಂಕ ಕಳೆದುಕೊಂಡಿದ್ದಳು. "ಮಾಸ್ತರನ ಮಗಳಾಗಿ ಇಂಥ ತಪ್ಪು ಮಾಡತೀಯೇನು?" ಎಂದು ನಾಲ್ಕು ಜನರ ಮುಂದೆ ರೇಗಿದ್ದೆ. ಅಂದಿನಿಂದ ಅವಳು ತನ್ನ ಉತ್ತರಪತ್ರಿಕೆಗಳನ್ನು ನನಗೆ ತೋರಿಸುವುದನ್ನೇ ಬಿಟ್ಟಿದ್ದಳು.

ಹೊರಗಿನ ಬೆಲ್ಟು, ಪುಲ್ಲಿ, ಮುಚ್ಚಳ ಒಂದೊಂದಾಗಿ ಬಂದವು. ಒಳಗೆ ಎರಡು ಹಲ್ಲಿನ ಚಕ್ರ. ಮಗಳು ತಾನಾಗಿಯೇ ಹಲ್ಲು ಎಣಿಸಿದಳು. ದೊಡ್ಡದರಲ್ಲಿ ಸಣ್ಣದರ ಎರಡರಷ್ಟು. ಎರಡೂ ಚಕ್ರಗಳ ಗುರುತುಗಳನ್ನು ಅವುಗಳ ಸ್ಥಾನಕ್ಕೆ ತಂದು, ಹಳೆಯ ಬೆಲ್ಟು ತೆಗೆದು ಹೊಸದನ್ನು ಹಾಕಿದೆ. ಗುರುತುಗಳು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಹೆಮ್ಮೆಯಿಂದ ಕೈ ಒರೆಸಿಕೊಂಡೆ.

"ಎರಡು ಸುತ್ತು ತಿರುವೂದು ಉಳಿದದಲ್ಲ ಅಪ್ಪಾ?" ಎಂದಳು.

ಬೇಡವೆನ್ನಿಸಿದರೂ ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ ಮೆಲ್ಲನೆ ತಿರುಗಿಸಿದೆ. ಒಂದು ಸುತ್ತಿಗೆ ಕ್ರ್ಯಾಂಕಿನ ಗುರುತು ತನ್ನ ಸ್ಥಾನಕ್ಕೆ ಬಂತು, ಕ್ಯಾಮಿನ ಗುರುತು ಮಾತ್ರ ಎದುರು ದಿಕ್ಕಿನಲ್ಲಿತ್ತು. "ಹಂಗಾದರ ಒಂದೇ ಸುತ್ತು ಸಾಲಂಗಿಲ್ಲ" ಎಂದಳು. ನಾನು ವರ್ಷವರ್ಷವೂ ಬಾಯಿಪಾಠ ಮಾಡಿಸಿದ್ದನ್ನು ಅವಳು ಕಣ್ಣಾರೆ ಕಂಡು ಹೇಳಿದ್ದಳು. ಎರಡನೆಯ ಸುತ್ತು ಮುಗಿಯಿತು. ಅವಳು ಬಗ್ಗಿ ನೋಡಿ, ಸ್ವಲ್ಪ ತಡೆದು, "ಮ್ಯಾಲಿಂದು ಒಂದು ಹಲ್ಲು ತಪ್ಪ್ಯಾದ ನೋಡ್ರಿ" ಎಂದಳು.

ತಪ್ಪಿತ್ತು. ಬೆಲ್ಟಿನ ಸಡಿಲವೆಲ್ಲ ಬಿಗಿ ಮಾಡುವ ಪುಲ್ಲಿಯ ಕಡೆ ಇರಬೇಕು. ನಾನು ಅದನ್ನು ಎಳೆಯುವ ಮಗ್ಗುಲಲ್ಲಿ ಉಳಿಸಿದ್ದೆ. ನಿಂತಾಗ ಎಲ್ಲವೂ ಸರಿಯಾಗಿ ಕಂಡಿತ್ತು. ತಿರುಗಿದಾಗ ಆ ಮಗ್ಗುಲು ಬಿಗಿದುಕೊಂಡು, ಕ್ಯಾಮ್ ಒಂದು ಹಲ್ಲು ಹಿಂದೆ ಬಿತ್ತು. ನೇರವಾಗಿ ಚಾವಿ ತಿರುವಿದ್ದರೆ ಎಂಜಿನ್ ಮುಗ್ಗರಿಸುತ್ತಿತ್ತು. ತಪ್ಪು ಇನ್ನೂ ದೊಡ್ಡದಾಗಿದ್ದರೆ ಏನಾಗುತ್ತಿತ್ತೋ ಬೇರೆ ಮಾತು. ಕೈಯಿಂದ ತಿರುಗಿಸಿದಾಗ ಆದ ನಷ್ಟ ಅರ್ಧ ಗಂಟೆ ಮಾತ್ರ.

ನನ್ನನ್ನು ಯಾರೂ ರೇಗಲಿಲ್ಲ. ಮಗಳು ಬೆಳಕನ್ನು ಇನ್ನಷ್ಟು ಹತ್ತಿರ ಹಿಡಿದಳು, ಅಷ್ಟೆ. ಮತ್ತೆ ಬಿಚ್ಚಿದೆವು, ಮತ್ತೆ ಹಾಕಿದೆವು, ಮತ್ತೆ ಎರಡು ಸುತ್ತು. ಈ ಸಲ ಎರಡೂ ಗುರುತುಗಳು ತಮ್ಮ ಜಾಗಕ್ಕೆ ಬಂದು ನಿಂತವು. ಎಲ್ಲ ಜೋಡಿಸಿದ ಮೇಲೆ ಗಾಡಿ ಮೊದಲ ಚಾವಿಗೇ ಚಾಲೂ ಆಯಿತು.

ಆ ರಾತ್ರಿ ಊಟವಾದ ಮೇಲೆ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಅವತ್ತು ಜನರ ಮುಂದ ಹಂಗ ಅನ್ನಬಾರದಿತ್ತು" ಎಂದೆ. ಅವಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಣಿತದ ಉತ್ತರಪತ್ರಿಕೆ ತಂದು ಮೇಜಿನ ಮೇಲಿಟ್ಟಳು. ಬಂದ ಉತ್ತರವನ್ನು ಸಮೀಕರಣದೊಳಗೆ ಹಾಕಿ ನೋಡಿದ್ದರೆ ಸೊನ್ನೆ ಬರುತ್ತಿರಲಿಲ್ಲ, ತಪ್ಪು ಅಲ್ಲೇ ಸಿಗುತ್ತಿತ್ತು. "ಇದೂ ಎರಡು ಸುತ್ತು ತಿರುವಿದಂಗ" ಎಂದು ಅವಳೇ ನಕ್ಕಳು.

ಇದನ್ನು ಓದಿ ಯಾರೂ ನಾಳೆಯೇ ಪಾನಾ ಹಿಡಿಯಬೇಕಿಲ್ಲ. ಅದು ಬಲ್ಲವರ ನೆರವಿಲ್ಲದೆ ಮಾಡುವ ಕೆಲಸವಲ್ಲ. ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಬರೆದ ಉತ್ತರ ನೋಡಲು ಸರಿಯಾಗಿದ್ದರೆ ಸಾಲದು, ಒಮ್ಮೆ ತಿರುಗಿಸಿ ನೋಡಿ. ಇನ್ನು ನಮ್ಮಂಥ ತಂದೆ ತಾಯಿಗಳಿಗೆ: ಮಾರ್ಚ್ ತಿಂಗಳ ಪರೀಕ್ಷೆ ಚಾವಿ ಇದ್ದಂತೆ. ಅದಕ್ಕೆ ಮೊದಲು ಮಕ್ಕಳು ನಿಧಾನವಾಗಿ ತಿರುಗಿಸಿ, ತಪ್ಪಿ, ತಿದ್ದಿಕೊಳ್ಳುವ ಜಾಗವೆಂದರೆ ಮನೆ. ಅಲ್ಲಿಯೂ ತಪ್ಪಿಗೆ ಹೆದರಬೇಕಾದರೆ ಅವರು ತಪ್ಪನ್ನು ಬಚ್ಚಿಡುತ್ತಾರೆಯೇ ಹೊರತು ತಪ್ಪು ಹೋಗುವುದಿಲ್ಲ.