ಮೊಮ್ಮಗ ಕಲಿಸಿದ ಎಲೆಯಾಟ

ಇಸ್ಪೀಟಿನ ಎಲೆಯನ್ನು ಮನೆಯೊಳಗೆ ತರಕೂಡದೆಂಬುದು ನಮ್ಮ ತೀರ್ಥರೂಪರ ಕಟ್ಟಳೆಯಾಗಿತ್ತು. ನಾಗರ ಪಂಚಮಿಯಲ್ಲಿ ಊರ ಕಟ್ಟೆಯ ಮೇಲೆ ಹಗಲಿರುಳೆನ್ನದೆ ಆಟ ನಡೆಯುತ್ತಿದ್ದರೂ ನಾವು ಅತ್ತ ಸುಳಿದವರಲ್ಲ. ಅಂಥ ನಾವು 70ರ ಅಂಚಿನಲ್ಲಿ, ಬೆಳಗಿನ ಇಷ್ಟಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಮೊಬೈಲಿನ ಎಲೆಯಾಟಕ್ಕೆ ಕುಳಿತೆವೆಂದರೆ ವಾಚಕರು ನಕ್ಕಾರು. ನಗಲಿ. ನಡೆದುದನ್ನು ನಡೆದಂತೆ ಹೇಳುತ್ತೇವೆ.

ಅದು 2015ರ ಮಳೆಗಾಲ. ಇಂಜಿನಿಯರಿಂಗ್ ಮೊದಲ ವರ್ಷದ ನಾಲ್ಕು ವಿಷಯಗಳಲ್ಲಿ ಅನುತ್ತೀರ್ಣನಾಗಿ ಮಗಳ ಮಗ ಧಾರವಾಡದ ನಮ್ಮ ಮನೆಗೆ ಬಂದು ಹಿಂದಿನ ಕೋಣೆ ಸೇರಿದ್ದನು. ಕರೆದರೆ ಊಟಕ್ಕೆ ಬರುವನು. ಅರ್ಧ ರೊಟ್ಟಿ ತಿಂದು ಏಳುವನು. ನಾವೋ 35 ವರ್ಷ ಗಣಿತ ಕಲಿಸಿದವರು. ಎಲ್ಲಿ ತಪ್ಪಿತು, ಏಕೆ ತಪ್ಪಿತು, ಮುಂದೇನು ಎಂದು ದಿನಕ್ಕೆ ಮೂರು ಹೊತ್ತು ಕೇಳಿದೆವು. ಒಂದು ರಾತ್ರಿ ನಮ್ಮ ಮನೆಯವರು, “ಹುಡುಗ ಉಣ್ಣೂದು ಬಿಟ್ಟಾನ. ನಿಮ್ಮ ಪ್ರಶ್ನೆ ಇನ್ನ ಸಾಕ್ರಿ” ಎಂದರು. ಮರುದಿನ ಏನೂ ಕೇಳದೆ ಅವನ ಪಕ್ಕದಲ್ಲಿ ಕುಳಿತು, ಅವನು ನೋಡುತ್ತಿದ್ದುದನ್ನೇ ನೋಡಿದೆವು.

ಆಟದ ಹೆಸರು ಹಾರ್ತ್‌ಸ್ಟೋನ್. ಬ್ಲಿಜಾರ್ಡ್ ಎಂಬ ಅಮೆರಿಕದ ಸಂಸ್ಥೆ 2014ರಲ್ಲಿ ಹೊರತಂದದ್ದು. ಪಣವುಂಟೇ ಎಂಬುದೇ ನಮ್ಮ ಮೊದಲ ಮಾತು. ಪಣವಿಲ್ಲ, ಆದರೆ ಎಲೆಗಳ ಪೊಟ್ಟಣಗಳನ್ನು ಹಣಕ್ಕೆ ಮಾರುತ್ತಾರೆ. ಒಡೆಯುವವರೆಗೆ ಒಳಗೇನಿದೆಯೆಂದು ತಿಳಿಯದು. ಇದು ಜೂಜಿನ ನೆರಳೆಂದೇ ಅಂದು ಅಂದುಕೊಂಡೆವು, ಇಂದೂ ಹಾಗೆಯೇ ತಿಳಿದಿದ್ದೇವೆ. ಒಂದು ಪೈಸೆಯೂ ಖರ್ಚಾಗಕೂಡದೆಂಬ ಕರಾರಿನ ಮೇಲೆ ಕಲಿಯಲೊಪ್ಪಿದೆವು.

ಹಣ ಹಾಕದ ಹೊಸಬನಿಗೆ ಒಪ್ಪುವ ಎಲೆಗಳ ಕಟ್ಟೊಂದನ್ನು ಅವನು ಜೋಡಿಸಿಕೊಟ್ಟನು. ಬೇಡದ ಎಲೆಗಳನ್ನು ಒಡೆದರೆ ಒಂದು ಬಗೆಯ ಪುಡಿ ದೊರೆಯುತ್ತದೆ. ಸಾಮಾನ್ಯ ಎಲೆ ಮಾಡಿಕೊಳ್ಳಲು 40 ಪುಡಿ ಸಾಕು, ಅತಿ ವಿರಳವಾದುದಕ್ಕೆ 1600 ಬೇಕು. ಬೇಟೆಗಾರನ ಈ ಕಟ್ಟಿನಲ್ಲಿ ಹೆಚ್ಚಿನವು ಸಾಮಾನ್ಯ ಎಲೆಗಳೇ, ಕೆಲವು ಪುಕ್ಕಟೆಯವು. ಒಟ್ಟು 30 ಎಲೆ. ಎದುರಾಳಿ ನಾಯಕನ ಜೀವಬಲವೂ 30. ಮೊದಲ ಸರದಿಗೆ ಒಂದು ಹರಳು, ಎರಡನೆಯದಕ್ಕೆ ಎರಡು, ಹೀಗೆ 10ರವರೆಗೆ. ಆ ಹರಳುಗಳೇ ಎಲೆ ಇಳಿಸುವ ಬೆಲೆ. ಬಳಸದೆ ಉಳಿದ ಹರಳು ಮುಂದಿನ ಸರದಿಗೆ ಬರುವುದಿಲ್ಲ. ಜೀವಮಾನವಿಡೀ ಪಗಾರದಲ್ಲಿ ಇಷ್ಟಿಷ್ಟು ಎತ್ತಿಟ್ಟ ನಮಗೆ ಈ ನಿಯಮ ಅರಗಲು ಎರಡು ದಿನ ಹಿಡಿಯಿತು.

“ಅಜ್ಜಾ, ಅವನ ಮಂದೀನ ಕೊಲ್ಲಾಕ ಹೋಗಬ್ಯಾಡ್ರಿ. ನಾಯಕನ್ನ ಹೊಡೀರಿ” ಎಂಬುದೇ ಅವನ ಉಪದೇಶ. ಎದುರಾಳಿ ತನ್ನ ದೊಡ್ಡ ಎಲೆಗಳನ್ನು ಇಳಿಸುವಷ್ಟು ಹರಳು ಕೂಡಿಬರುವ ಮೊದಲೇ ಆಟ ಮುಗಿಸಬೇಕು. ಲೆಪರ್ ನೋಮ್ ಎಂಬ ಕುಬ್ಜನೊಬ್ಬನಿದ್ದನು. ಬೆಲೆ ಒಂದು ಹರಳು, ಪೆಟ್ಟು ಎರಡು, ಪ್ರಾಣ ಒಂದು. ಸಾಯುವಾಗಲೂ ಎದುರಿನ ನಾಯಕನಿಗೆ ಎರಡು ಪೆಟ್ಟು ಕೊಟ್ಟೇ ಸಾಯುವನು. ಈ ಬಡಪಾಯಿ ನಮಗೆ ಬಹಳ ಹಿಡಿಸಿದನು. ಇಂಥ ಕಟ್ಟನ್ನು ಬುದ್ಧಿಗೇಡಿಗಳ ಆಟವೆಂದು ಬಲ್ಲವರು ಹಳಿಯುತ್ತಾರಂತೆ. ನಮಗೆ ಹಾಗೆ ಕಾಣಲಿಲ್ಲ. ಯಾವಾಗ ಬಡಿಯಬೇಕೆಂಬುದು ಸುಲಭ. ಯಾವಾಗ ತಡೆಯಬೇಕೆಂಬುದು ಶುದ್ಧ ಗಣಿತ.

ಆ ಗಣಿತದಲ್ಲಿಯೇ ನಾವು ಸೋತೆವು. ಆರನೆಯ ಸರದಿ, ಎದುರಾಳಿಗೆ ಉಳಿದದ್ದು 11. ನಮ್ಮ ಕಡೆ ಕುಬ್ಜನಿದ್ದನು, ಎರಡು. ಪುಟ್ಟ ಕಾಡುಹಂದಿಯಿತ್ತು, ಒಂದು. ಕೈಯಲ್ಲಿ ಇಳಿದೊಡನೆ ಹೊಡೆಯಬಲ್ಲ ತೋಳದ ಸವಾರ, ಮೂರು. ಜೊತೆಗೆ ಕಿಲ್ ಕಮಾಂಡ್. ಅದು ತನ್ನಷ್ಟಕ್ಕೆ ಮೂರು ಪೆಟ್ಟಿನದು, ನಮ್ಮ ಕಡೆ ಮೃಗವೊಂದು ಜೀವಂತವಿದ್ದರೆ ಐದರದು. ಕೂಡಿಸಿದರೆ ಸರಿಯಾಗಿ 11. ಎದುರಿನ ಸೈನಿಕನೊಬ್ಬನನ್ನು ಕಂಡು ನಮ್ಮ ಹಳೆಯ ಎಚ್ಚರಿಕೆ ತಲೆಯೆತ್ತಿತು. ಮೊದಲು ಹಂದಿಯನ್ನು ಅವನ ಮೇಲೆ ಬಿಟ್ಟೆವು, ಹಂದಿ ಸತ್ತಿತು. ಮೃಗವಿಲ್ಲದೆ ಐದು ಮೂರಾಯಿತು, 11 ಎಂಟಾಯಿತು. ಎದುರಾಳಿ ದೊಡ್ಡ ಕಾವಲುಗಾರನನ್ನು ನಿಲ್ಲಿಸಿದನು. ಎರಡೇ ಸರದಿಗಳಲ್ಲಿ ನಾವು ಸೋತೆವು.

“ಗಣಿತದ ಮಾಸ್ತರಿಗೆ ಕೂಡಿಸಾಕ ಬರಲಿಲ್ಲ!” ಎಂದು ಹುಡುಗ ನಕ್ಕನು. ಮೂರು ವಾರಗಳಲ್ಲಿ ಅವನ ನಗೆ ಕೇಳಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಎಲ್ಲಿ ತಪ್ಪಿತೆಂದು ಅವನು ನಮಗೆ ತಾಳ್ಮೆಯಿಂದ ಬಿಡಿಸಿ ಹೇಳಿದನು. ಏಕೆ ತಪ್ಪಿದಿರೆಂದು ಮಾತ್ರ ಕೇಳಲಿಲ್ಲ. ಆ ಕೇಳದ ಪ್ರಶ್ನೆ ನಮ್ಮನ್ನು ರಾತ್ರಿಯೆಲ್ಲ ಎಚ್ಚರವಿರಿಸಿತು.

ಶ್ರಾವಣ ಮುಗಿಯುವ ಹೊತ್ತಿಗೆ ಪುಸ್ತಕಗಳು ಚೀಲದಿಂದ ಹೊರಬಂದವು. ಬೆಳಿಗ್ಗೆ ಎರಡು ಆಟ, ಬಳಿಕ ಕಲನಶಾಸ್ತ್ರ. ಅವನು ಕಾಲೇಜಿಗೆ ಮರಳಿದ ಮೇಲೆ ಫೋನು ಮಾಡುವವರು ನಾವೇ; ಉತ್ತರ ಮೂರು ಮಾತಿನದು.

2016ರ ಏಪ್ರಿಲ್‌ನಲ್ಲಿ ಒಂದು ಸಂಜೆ ಫೋನು ತಾನಾಗಿ ಬಂತು. “ಅಜ್ಜಾ, ನಿಮ್ಮ ಕುಬ್ಜನ ಪೆಟ್ಟು ಇಳಿಸ್ಯಾರ್ರಿ. ಎರಡರದು ಈಗ ಒಂದ ಆತು” ಎಂದನು. ಸಂಸ್ಥೆಯವರು ಆಟದ ಸಮತೋಲಕ್ಕಾಗಿ ಕೆಲವು ಎಲೆಗಳನ್ನು ತಿದ್ದಿದ್ದರು. ನಾವು ನಿಜವಾಗಿಯೇ ನೊಂದುಕೊಂಡೆವು. ಇನ್ನು ಆ ಕಟ್ಟನ್ನು ಹೇಗೆ ಬದಲಿಸಬೇಕೆಂಬ ಚರ್ಚೆ ಅರ್ಧ ತಾಸು ನಡೆಯಿತು. ಅನಂತರ ಅವನಾಗಿಯೇ, ನಾಲ್ಕರಲ್ಲಿ ಮೂರು ವಿಷಯ ಪಾಸಾದುವೆಂದೂ ಒಂದು ಉಳಿದಿದೆಯೆಂದೂ ಹೇಳಿದನು. ಯಾವುದು ಉಳಿಯಿತೆಂದು ನಾವು ಕೇಳಲಿಲ್ಲ. ನಮ್ಮ ಮನೆಯವರು ಫೋನಿಗಾಗಿ ಕೈ ಚಾಚಿ ಕಾಯುತ್ತ ನಿಂತಿದ್ದರು.