ಬಾರಿಸುವವನಿಲ್ಲದ ಡ್ರಮ್ಮು

ನಮ್ಮ ರೂಮಿನಲ್ಲಿ ಐದು ಜನ. ಐವರೂ ಪೀಣ್ಯದ ಪ್ರೆಸ್ ಶಾಪಿನಲ್ಲಿ ದುಡಿದವರೇ. ದಿನಾ ಎಂಟು ಗಂಟೆ, ಓಟಿ ಬಿದ್ದರೆ ಹನ್ನೆರಡು ಗಂಟೆ ಪವರ್ ಪ್ರೆಸ್ಸಿನ ಮುಂದೆ ನಿಂತು ಬಂದವರಿಗೆ ರಜೆಯ ದಿನ ಬೇಕಾದದ್ದು ಒಂದೇ, ಸದ್ದಿಲ್ಲದಿರೋದು. ಅಂಥಾದ್ದರಲ್ಲಿ ಕಾಲೇಜು ಓದುವ ಅಕ್ಕನ ಮಗ ಒಂದು ಭಾನುವಾರ ಬಂದು, "ಮಾವ, ಇದೊಂದು ಕೇಳ್ರಿ" ಅಂತ ಮೊಬೈಲಲ್ಲಿ ಹಾಡು ಹಾಕಿದ. ಗಾಡ್‌ಫ್ಲೆಶ್ ಅಂತ ಬ್ಯಾಂಡಿನ ಹೆಸರು. ಒಂದು ನಿಮಿಷ ಆಗಿರಲಿಲ್ಲ, "ಲೇ ಆಫ್ ಮಾಡೋ, ಇವತ್ತು ರಜಾ ಕಣೋ" ಅಂದೆವು. ಎಲ್ಲರೂ ನಕ್ಕೆವು. ನಕ್ಕ ಮೇಲೆ ಯಾರೂ ಆಫ್ ಮಾಡಲಿಲ್ಲ.

ಅದು ನಮ್ಮ ಪ್ರೆಸ್ಸಿನ ಸದ್ದೇ. ಧಡ್ ಅನ್ನುತ್ತೆ, ಉಸಿರು ಬಿಡೋಷ್ಟು ಹೊತ್ತು ಸುಮ್ಮನಿರುತ್ತೆ, ಮತ್ತೆ ಧಡ್. ಗಿಟಾರು ರಾಗ ಹಾಡೋಲ್ಲ, ಶೀಟಿನ ಮೇಲೆ ಶೀಟು ಎಳೆದ ಹಾಗೆ ಕೆರೆಯುತ್ತೆ. ಬೇಸ್ ಗಿಟಾರು ಕಾಲಡಿಯ ನೆಲ ನಡುಗಿದ ಹಾಗೆ. ಹಾಡುವವನ ದನಿ ಹಾಡಲ್ಲ, ಮೆಷಿನ್ನಿನ ಆಚೆ ನಿಂತವನನ್ನು ಕೂಗಿ ಕರೆಯೋ ದನಿ.

ಇಷ್ಟೆಲ್ಲ ಸದ್ದಿಗೆ ಇದ್ದವರು ಇಬ್ಬರೇ. ಜಸ್ಟಿನ್ ಬ್ರಾಡ್ರಿಕ್ ಗಿಟಾರಿಗೆ, ಜಿ.ಸಿ. ಗ್ರೀನ್ ಬೇಸಿಗೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1988ರಲ್ಲಿ ಬ್ಯಾಂಡ್ ಶುರು ಮಾಡಿದರು. 1989ರಲ್ಲಿ 'ಸ್ಟ್ರೀಟ್‌ಕ್ಲೀನರ್' ಆಲ್ಬಂ ಬಂತು, ಅಂದರೆ ಬೀದಿ ಗುಡಿಸುವವ. ಡ್ರಮ್ ಬಾರಿಸೋಕೆ ಮನುಷ್ಯ ಇಲ್ಲ, ಡ್ರಮ್ ಮೆಷಿನ್ನು.

ಅದೇ ಊರಲ್ಲಿ ಅದಕ್ಕೂ ಮೊದಲು ಇನ್ನೊಂದು ಕತೆ ನಡೆದಿತ್ತು. 1965ರಲ್ಲಿ ಹದಿನೇಳು ವರ್ಷದ ಟೋನಿ ಐಯೋಮಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿದ್ದ. ಕೆಲಸ ಬಿಡುವ ಕಡೇ ದಿನವೇ ಮೆಷಿನ್ನು ಅವನ ಬಲಗೈಯ ಎರಡು ಬೆರಳ ತುದಿ ತಿಂದುಬಿಟ್ಟಿತು. ಎಡಚ ಅವನು, ತಂತಿ ಒತ್ತುವ ಕೈಯೇ ಅದು. ಬೆಂಕಿಯಲ್ಲಿ ಕೈ ಸುಟ್ಟುಕೊಂಡೂ ಗಿಟಾರು ನುಡಿಸಿದ ಜಾಂಗೋ ರೈನ್‌ಹಾರ್ಟ್ ಎಂಬ ಜಿಪ್ಸಿಯ ರೆಕಾರ್ಡನ್ನು ಕಾರ್ಖಾನೆಯ ಮೇಲಿನವನೊಬ್ಬ ತಂದು ಕೇಳಿಸಿದನಂತೆ. ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿ, ಮೇಲೆ ಚರ್ಮ ಅಂಟಿಸಿಕೊಂಡ. ಬಿಗಿ ತಂತಿ ಒತ್ತಲಾಗದೆ ತೆಳು ತಂತಿ ಹಾಕಿದ, ಆಮೇಲೆ ಶ್ರುತಿ ಇಳಿಸಿದ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಆ ಭಾರದ ಸದ್ದಿನ ಹಿಂದೆ ಈ ಗಾಯವೂ ಇದೆ. ಮೆಟಲ್ ಸಂಗೀತ ಅಂತ ಜಗತ್ತು ಕುಣಿಯೋದು ಅಲ್ಲಿಂದ ಬೆಳೆದದ್ದಕ್ಕೆ.

ಇದನ್ನ ಹುಡುಗ ಹೇಳುವಾಗ ನಾವು ಯಾರೂ ನಮ್ಮ ಅಣ್ಣನ ಕಡೆ ನೋಡಲಿಲ್ಲ. ನಮ್ಮೆಲ್ಲರಿಗಿಂತ ಹಿರಿಯ ಅವರು. ರಾತ್ರಿ ಶಿಫ್ಟಿನಲ್ಲಿ ಡೈ ಕೆಳಗೆ ಎಡಗೈಯ ಎರಡು ಬೆರಳು ಹೋದವು. ಅವರಿಗೆ ಯಾರೂ ರೆಕಾರ್ಡು ತಂದು ಕೇಳಿಸಲಿಲ್ಲ. 'ನನ್ನ ಅಜಾಗರೂಕತೆಯಿಂದ' ಅಂತ ಟೈಪು ಮಾಡಿದ ಕಾಗದ ತಂದು ಸಹಿ ಹಾಕಿಸಿಕೊಂಡರು. ಆಮೇಲೆ ಪ್ಯಾಕಿಂಗಿಗೆ ಹಾಕಿದರು. ಊರಲ್ಲಿ ಅವರು ತಮಟೆ ಬಾರಿಸಿದ ಕೈ. ಎಡಗೈಯಲ್ಲಿ ಸಣ್ಣ ಕಡ್ಡಿ ಹಿಡೀಬೇಕು, ಅದು ನಿಲ್ಲೋಲ್ಲ ಈಗ.

ಅಣ್ಣ ಕೇಳಿದ್ದು ಒಂದೇ ಮಾತು. "ಬಾರಿಸೋನೇ ಇಲ್ಲ ಅಂದ್ರೆ, ಕುಣಿಯೋನ ಕಾಲು ನೋಡೋರು ಯಾರು?"

ಸರಿಯಾದ ಪ್ರಶ್ನೆ. ತಮಟೆಯವನು ಕುಣಿಯುವವನ ಕಾಲು ನೋಡಿ ಏಟು ಏರಿಸುತ್ತಾನೆ, ಇಳಿಸುತ್ತಾನೆ. ಈ ಮೆಷಿನ್ನು ಯಾರನ್ನೂ ನೋಡೋಲ್ಲ. ಸುಸ್ತಾಗೋಲ್ಲ, ಹುರುಪು ಬರೋಲ್ಲ. ಆ ಇಬ್ಬರೇ ಅದಕ್ಕೆ ಮೈ ಹೊಂದಿಸಿಕೋಬೇಕು, ನಾವು ಪ್ರೆಸ್ಸಿಗೆ ಹೊಂದಿಸಿಕೊಂಡ ಹಾಗೆ. ಮೆಷಿನ್ನನ್ನ ಮನುಷ್ಯನ ಹಾಗೆ ನುಡಿಸೋಕೆ ಹೋಗದೆ ಮೆಷಿನ್ನಾಗಿಯೇ ಬಿಟ್ಟರಲ್ಲ, ಅಲ್ಲೇ ಇದೆ ಅವರ ನಿಜ. 1991ರ 'ಸ್ಲೇವ್‌ಸ್ಟೇಟ್'ನಲ್ಲಿ, ಅಂದರೆ ಗುಲಾಮರಾಜ್ಯದಲ್ಲಿ, ಡ್ಯಾನ್ಸ್ ಹಾಲಿನ ಎಲೆಕ್ಟ್ರಾನಿಕ್ ತಾಳವನ್ನೂ ತಂದರು. ಅದರಲ್ಲೂ ಕುಣಿತ ಯಾವುದು ಶಿಫ್ಟು ಯಾವುದು ಗೊತ್ತಾಗೋಲ್ಲ. 1996ರ ಆಲ್ಬಮ್ಮಿಗೆ ಮನುಷ್ಯ ಡ್ರಮ್ಮರನ್ನ ಕರೆತಂದರಂತೆ. ಹುಡುಗ ಅದನ್ನೂ ಕೇಳಿಸಿದ. ಚೆನ್ನಾಗಿತ್ತು. ನಮಗೆ ಮೊದಲಿನದೇ ಬೇಕಾಯಿತು. 2002ರಲ್ಲಿ ನಿಂತ ಬ್ಯಾಂಡು 2010ರಲ್ಲಿ ಮತ್ತೆ ಎದ್ದಿತು. 2023ರಲ್ಲಿ ಬಂದ 'ಪರ್ಜ್' ಆಲ್ಬಮ್ಮಿನಲ್ಲೂ ಮೆಷಿನ್ನೇ.

ಒಂದು ತಕರಾರು ಮಾತ್ರ ನಮ್ಮದು ಉಳಿದಿದೆ. ಇದರಲ್ಲಿ ಮುಷ್ಕರ ಇಲ್ಲ, ಘೋಷಣೆ ಇಲ್ಲ. ಮಾತೂ ಕಮ್ಮಿ, ಇರುವ ಮಾತೆಲ್ಲ ಕತ್ತಲೆ. ಯೂನಿಯನ್ ಸಭೆಯಲ್ಲಿ ಹಾಡೋ ಹಾಡಲ್ಲ ಇದು. "ಇವರು ರೋಗ ಹೇಳ್ತಾರೆ, ಮದ್ದು ಹೇಳೋಲ್ಲ" ಅಂತ ನಮ್ಮಲ್ಲೊಬ್ಬರು ಅಂದರು. "ನಮ್ಮ ರೋಗ ಇಷ್ಟು ಗಟ್ಟಿಯಾಗಿ ಹೇಳಿದೋರು ಯಾರಿದ್ರು?" ಅಂತ ಇನ್ನೊಬ್ಬರು. ಜಗಳ ಊಟದ ತನಕ ನಡೆಯಿತು.

ಅಣ್ಣ ಜಗಳಕ್ಕೆ ಬರಲಿಲ್ಲ. ಟ್ರಂಕಿನ ಮೇಲೆ ಬಲಗೈಯಲ್ಲಿ ಬಡಿಯುತ್ತಾ ಕೂತಿದ್ದರು, ಎರಡು ಧಡ್ ನಡುವೆ ಸಿಗುವ ಜಾಗದಲ್ಲಿ. ಒಂದೆರಡು ಸಲ ತಪ್ಪಿತು. "ಇನ್ನೊಂದ್ಸಲ ಹಾಕಪ್ಪ" ಅಂದರು.